ಹಳೆಯ ಗೆಳೆಯ, ಹೊಸ ಊರು



ಮನೆಗಳನ್ನು ಆಶೀರ್ವದಿಸಲೆಂದು ವರ್ಷಕ್ಕೊಮ್ಮೆ ಧರ್ಮಕೇಂದ್ರದ ಬೀದಿಬೀದಿಗಳಲ್ಲಿ ನಡೆಯುವ ಗುರುವಿಗೆ ಊರಿನ ಸ್ಥಿತಿಗತಿಯನ್ನು ತಿಳಿಯಲು ಬೇರೆ ಸಮೀಕ್ಷೆ ಬೇಕಾಗಿಲ್ಲ. ಯಾವ ಮನೆಗೆ ಹೊಸ ಸೊಸೆ ಬಂದಿದ್ದಾಳೆ, ಯಾವ ಮನೆಯಲ್ಲಿ ತೊಟ್ಟಿಲು ಕಟ್ಟಿದ್ದಾರೆ, ಯಾವ ಮನೆಯ ಗೋಡೆಯ ಮೇಲೆ ಮಾಲೆ ಹಾಕಿದ ಹೊಸ ಭಾವಚಿತ್ರವೊಂದು ಸೇರಿಕೊಂಡಿದೆ ಎಂಬುದೆಲ್ಲ ಹೊಸ್ತಿಲು ದಾಟುತ್ತಿದ್ದಂತೆಯೇ ತಿಳಿದುಬಿಡುತ್ತದೆ. ಇತ್ತೀಚಿನ ವರ್ಷಗಳಲ್ಲಿ ಇನ್ನೊಂದು ಸಂಗತಿಯೂ ಕಣ್ಣಿಗೆ ಬೀಳುತ್ತಿದೆ. ಬೀಗ ಹಾಕಿದ ಮನೆಗಳು ಹೆಚ್ಚುತ್ತಿವೆ. "ಅಮ್ಮ ಬೆಂಗಳೂರಿನಲ್ಲಿ ಮಗಳ ಮನೆ ಸೇರಿದರು, ಫಾದರ್", "ಅಪ್ಪನನ್ನು ಮಗ ಪುಣೆಗೆ ಕರೆದುಕೊಂಡು ಹೋದ" ಎಂದು ನೆರೆಮನೆಯವರು ಹೇಳುತ್ತಾರೆ. ಬೀಗದ ಮೇಲೆಯೇ ಪವಿತ್ರ ಜಲವನ್ನು ಚಿಮುಕಿಸಿ ಮುಂದಿನ ಮನೆಗೆ ನಡೆಯುತ್ತೇವೆ.

ಒಂದು ಕಾಲದಲ್ಲಿ ಊರು ಬಿಡುವವರು ಯುವಕರಾಗಿದ್ದರು. ಈಗ ಅವರ ಹಿಂದೆಯೇ ಹಿರಿಯರೂ ಹೊರಟಿದ್ದಾರೆ. ಇವೆರಡೂ ಒಂದೇ ಬಗೆಯ ಪಯಣವಲ್ಲ. ಯುವಕನು ಹೊಸ ಊರಿಗೆ ಹೋದಾಗ ಅಲ್ಲಿ ಅವನಿಗಾಗಿ ಒಂದು ಕೆಲಸ, ಒಂದು ಕುರ್ಚಿ, ಹೆಸರು ಹಿಡಿದು ಕರೆಯುವ ನಾಲ್ವರು ಜೊತೆಗಾರರು ಕಾದಿರುತ್ತಾರೆ. ಅರವತ್ತು ದಾಟಿದವರು ಹೋದಾಗ ಕಾದಿರುವುದು ಒಂದು ಕೋಣೆ ಮಾತ್ರ. ಮಕ್ಕಳ ಪ್ರೀತಿಯಲ್ಲಿ ಕೊರತೆಯಿರುವುದಿಲ್ಲ. ಊಟ, ಔಷಧ, ಹೊದಿಕೆ, ದೂರದರ್ಶನ ಎಲ್ಲವೂ ಇರುತ್ತವೆ. ನಾವು ದೂರವಾಣಿಯಲ್ಲಿ "ಹೇಗಿದ್ದೀರಿ?" ಎಂದು ಕೇಳುತ್ತೇವೆ. "ಚೆನ್ನಾಗಿದ್ದೇನೆ" ಎಂಬ ಉತ್ತರ ಬರುತ್ತದೆ. ಆ ಒಂದು ಮಾತಿನ ಹಿಂದೆ ಏನಿದೆ ಎಂಬುದು ದೂರವಾಣಿಗೆ ಕೇಳಿಸುವುದಿಲ್ಲ. ಅದನ್ನು ತಿಳಿಯಬೇಕಾದರೆ ಎದ್ದು ಹೊರಡಬೇಕು. ಹಾಗೆ ಹೊರಟು ಬಂದ ಒಂದು ಭೇಟಿಯ ಕುರಿತು ಈ ತಿಂಗಳು ನಿಮ್ಮೊಡನೆ ಹಂಚಿಕೊಳ್ಳಬಯಸುತ್ತೇನೆ.

ನನ್ನ ಆ ಗೆಳೆಯರನ್ನು ಇಡೀ ಊರೇ "ಮೇಷ್ಟ್ರು" ಎಂದು ಕರೆಯುತ್ತಿತ್ತು. ಆದ್ದರಿಂದ ಇಲ್ಲಿಯೂ ಅವರು ಮೇಷ್ಟ್ರಾಗಿಯೇ ಇರಲಿ. 1996ರಲ್ಲಿ ಗುರುದೀಕ್ಷೆಯ ಎಣ್ಣೆ ಕೈಯಲ್ಲಿ ಇನ್ನೂ ಆರದಿದ್ದಾಗ, ಮಲೆನಾಡಿನ ಒಂದು ಧರ್ಮಕೇಂದ್ರಕ್ಕೆ ಸಹಾಯಕ ಗುರುವಾಗಿ ನಾನು ಹೋದೆ. ಮೇಷ್ಟ್ರು ಅಲ್ಲಿನ ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕರು. ನನಗಿಂತ ಐದಾರು ವರ್ಷ ಹಿರಿಯರು. ಭಾನುವಾರ ಗಾಯನ ವೃಂದವನ್ನು ನಡೆಸುವವರೂ ಅವರೇ. ಗುರುಮಠದಲ್ಲಿ ತತ್ವಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ಇಂಗ್ಲಿಷಿನಲ್ಲಿ ಓದಿ ಬಂದ ನನಗೆ, ಕಾಫಿ ತೋಟದ ಕೂಲಿಕಾರರ ಮುಂದೆ ನಿಂತು ಮಾತನಾಡಲು ಬೇಕಾದ ಕನ್ನಡವನ್ನು ಕಲಿಸಿದವರು ಇವರು. ಶನಿವಾರ ಸಂಜೆ ಅವರ ಮನೆಯ ಜಗುಲಿಯಲ್ಲಿ ಕುಳಿತು ಮರುದಿನದ ಪ್ರಬೋಧನೆಯನ್ನು ಓದುತ್ತಿದ್ದೆ. ಅವರು ಕಣ್ಣುಮುಚ್ಚಿ ಕೇಳುತ್ತಿದ್ದರು. ಕೊನೆಗೆ, "ಫಾದರ್, ಹತ್ತು ಪದಗಳಿರುವ ಕಡೆ ಏಳು ಸಾಕು. ಮೂರನ್ನು ನನಗೆ ಬಿಟ್ಟುಕೊಡಿ" ಎಂದು ನಗುತ್ತಿದ್ದರು. ಅವರ ಪತ್ನಿ ನೀರುದೋಸೆ, ಜೋನಿ ಬೆಲ್ಲ ತಂದಿಡುತ್ತಿದ್ದರು.

ಅವರ ಜಗುಲಿ ಎಂದೂ ಬರಿದಾಗಿರುತ್ತಿರಲಿಲ್ಲ. ತಹಸೀಲ್ದಾರರಿಗೆ ಅರ್ಜಿ ಬರೆಸಿಕೊಳ್ಳಲು ಬಂದವರು, ಮದುವೆಯ ಕರೆಯೋಲೆಯ ಒಕ್ಕಣೆ ತಿದ್ದಿಸಿಕೊಳ್ಳಲು ಬಂದವರು, ಪಹಣಿಯಲ್ಲಿ ಏನಿದೆ ಎಂದು ಓದಿಸಿಕೊಳ್ಳಲು ಬಂದವರು, ಮಗುವಿಗೊಂದು ಒಳ್ಳೆಯ ಹೆಸರು ಕೇಳಲು ಬಂದವರು, ಹೀಗೆ ಯಾರಾದರೊಬ್ಬರು ಅಲ್ಲಿರುತ್ತಿದ್ದರು. ಇದನ್ನು ನಾನು ವಿವರವಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ಮುಂದೆ ನಿಮಗೆ ತಿಳಿಯುತ್ತದೆ.

2022ರಲ್ಲಿ ಮೇಷ್ಟ್ರ ಪತ್ನಿ ತೀರಿಕೊಂಡರು. ಮರುವರ್ಷ ಅವರಿಗೆ ನಿವೃತ್ತಿಯಾಯಿತು. ಒಬ್ಬನೇ ಮಗ ಕೋಲ್ಕತ್ತದ ಸಾಫ್ಟ್‌ವೇರ್ ಸಂಸ್ಥೆಯೊಂದರಲ್ಲಿ ಎಂಜಿನಿಯರ್. ಸೊಸೆಯೂ ಉದ್ಯೋಗಸ್ಥೆ, ಆರು ವರ್ಷದ ಮೊಮ್ಮಗಳಿದ್ದಾಳೆ. ಒಂಟಿಯಾದ ತಂದೆಯನ್ನು ಮಗ 2023ರ ಮಧ್ಯದಲ್ಲಿ ತನ್ನೊಡನೆ ಕರೆದೊಯ್ದ. ಮಾಡಬೇಕಾದ ಕೆಲಸವನ್ನೇ ಅವನು ಮಾಡಿದ. ಆದರೆ 2024ರ ಡಿಸೆಂಬರಿನಲ್ಲಿ, ಕ್ರಿಸ್ತಜಯಂತಿಯ ಸಿದ್ಧತೆಗಳ ನಡುವೆ ಆ ಮಗನ ಕರೆ ಬಂತು. "ಫಾದರ್, ಅಪ್ಪ ಮಾತನಾಡುವುದನ್ನೇ ಕಡಿಮೆ ಮಾಡಿದ್ದಾರೆ. ವೈದ್ಯರಿಗೆ ತೋರಿಸಿದೆ, ಕಾಯಿಲೆಯೇನೂ ಇಲ್ಲ ಎಂದರು. ಒಮ್ಮೆ ಬಂದು ಹೋಗುತ್ತೀರಾ? ನಾನು ಹೇಳಿದೆನೆಂದು ಅವರಿಗೆ ತಿಳಿಯುವುದು ಬೇಡ" ಎಂದ. ಹಬ್ಬದ ಗದ್ದಲ ಮುಗಿದ ಮೇಲೆ, 2025ರ ಜನವರಿಯ ಒಂದು ಬುಧವಾರ ನಾನು ಬೆಂಗಳೂರಿನ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಲ್ಲಿ ಹೌರಾ ರೈಲು ಹತ್ತಿದೆ.

ಸುಮಾರು ಒಂದೂವರೆ ದಿನದ ಪಯಣ. ಗೋದಾವರಿಯ ಸೇತುವೆ, ಒಡಿಶಾದ ಚಿಲಿಕಾ ಸರೋವರದ ಅಂಚು, ಬಂಗಾಳದ ಗದ್ದೆ ಕೊಳಗಳೆಲ್ಲ ಕಿಟಕಿಯಲ್ಲಿ ಸರಿದುಹೋದವು. ಹೌರಾ ನಿಲ್ದಾಣದಿಂದ ಹೊರಬಂದರೆ ಎದುರಿಗೇ ಆ ಪ್ರಸಿದ್ಧ ಸೇತುವೆ. 1943ರಲ್ಲಿ ಸಂಚಾರಕ್ಕೆ ತೆರೆದ ಈ ಉಕ್ಕಿನ ಸೇತುವೆಯ ಜೋಡಣೆಯಲ್ಲಿ ತಿರುಪು ಮೊಳೆಗಳಿಲ್ಲ. ಕಾಸಿ ಬಡಿದ ರಿವೆಟ್‌ಗಳಿಂದಲೇ ಅದನ್ನು ಬೆಸೆದಿದ್ದಾರೆ. 1965ರಲ್ಲಿ ಅದಕ್ಕೆ ರವೀಂದ್ರ ಸೇತು ಎಂದು ಹೆಸರಿಟ್ಟರೂ ಜನರ ಬಾಯಲ್ಲಿ ಅದು ಹೌರಾ ಸೇತುವೆಯೇ. ಮಗ ಕಾರಿನಲ್ಲಿ ಬಂದಿದ್ದ. ಹಳೆಯ ನಗರವನ್ನು ದಾಟಿ ಪೂರ್ವಕ್ಕೆ ಸಾಗಿದಂತೆ ಬೀದಿಗಳು ಅಗಲವಾದವು, ಕಟ್ಟಡಗಳು ಎತ್ತರವಾದವು. ಅವರು ವಾಸಿಸುವ ಬಡಾವಣೆಯ ಹೆಸರೇ ನ್ಯೂ ಟೌನ್, ಅಂದರೆ ಹೊಸ ಊರು.

ಹನ್ನೊಂದನೆಯ ಮಹಡಿಯ ಮನೆ. ಮೇಷ್ಟ್ರು ಬಾಗಿಲಲ್ಲೇ ನಿಂತಿದ್ದರು. ನನ್ನ ಎರಡೂ ಕೈಗಳನ್ನು ಹಿಡಿದುಕೊಂಡರು, ಮಾತನಾಡಲಿಲ್ಲ. ಸ್ವಲ್ಪ ಇಳಿದುಹೋಗಿದ್ದರು. ಮರುದಿನ ಶುಕ್ರವಾರ ಮಗ ಸೊಸೆ ಕೆಲಸಕ್ಕೆ, ಮಗು ಶಾಲೆಗೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ ಉಳಿದೆವು. ಅವರು ಬಾಲ್ಕನಿಯ ಕುರ್ಚಿಯಲ್ಲಿ ಕುಳಿತು ಕೆಳಗಿನ ರಸ್ತೆಯನ್ನು ನೋಡುತ್ತಿದ್ದರು. ಊರಿನ ಸುದ್ದಿಗಳನ್ನೆಲ್ಲ ನಾನು ಒಂದೊಂದಾಗಿ ಹೇಳಿದೆ. "ಹೌದೇ?", "ಒಳ್ಳೆಯದಾಯಿತು" ಎಂದರು. ಹನ್ನೊಂದು ಗಂಟೆಗೆ ಸೊಸೆಯ ಕರೆ: "ಮಾತ್ರೆ ತೆಗೆದುಕೊಂಡಿರಾ, ಮಾವ?" ಒಂದು ಗಂಟೆಗೆ ಮಗನ ಕರೆ: "ಊಟ ಆಯಿತೇ, ಅಪ್ಪ?" ಇಬ್ಬರಿಗೂ ಒಂದೊಂದೇ ಪದದ ಉತ್ತರ. ಹೊರಗೆ ಹೋಗುವುದಿಲ್ಲವೇ ಎಂದೆ. "ಭಾಷೆ ಗೊತ್ತಿಲ್ಲ, ದಾರಿ ತಪ್ಪಿದರೆ ಎಂದು ಇವರಿಗೆ ಭಯ. ಕೆಳಗಿನ ತೋಟದಲ್ಲಿ ಎರಡು ಸುತ್ತು ಹಾಕುತ್ತೇನೆ" ಎಂದರು.

ಓದುಗರೇ, ದುಃಖದಲ್ಲಿರುವವರ ಬಳಿಗೆ ಹೋದಾಗ ಗುರುಗಳಾದ ನಮ್ಮಿಂದ ಜನ ಸಾಂತ್ವನದ ಮಾತುಗಳನ್ನು ನಿರೀಕ್ಷಿಸುತ್ತಾರೆ. ಅಂಥ ಮಾತುಗಳು ನನ್ನ ಬಳಿಯೂ ಇದ್ದವು. ಆದರೆ ಆ ಮಧ್ಯಾಹ್ನ ನನ್ನ ನಾಲಿಗೆಯ ಮೇಲೆ ಬಂದದ್ದು ಬೇರೆಯೇ ಮಾತು: "ಮೇಷ್ಟ್ರೇ, ನಾನು ಈ ಊರನ್ನು ನೋಡಿಲ್ಲ. ಒಬ್ಬನೇ ಹೋಗಲು ನನಗೂ ಆಗದು. ನೀವೇ ಕರೆದುಕೊಂಡು ಹೋಗಬೇಕು." ಅವರು ನನ್ನನ್ನು ದಿಟ್ಟಿಸಿ ನೋಡಿದರು. "ನನಗೇ ಏನೂ ಗೊತ್ತಿಲ್ಲವಲ್ಲ, ಫಾದರ್" ಎಂದರು. "ನನಗಿಂತ ಒಂದೂವರೆ ವರ್ಷ ಮೊದಲು ಬಂದಿದ್ದೀರಿ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಒಳಗೆ ಎದ್ದುಹೋದರು. ಮರಳಿ ಬಂದಾಗ ಅವರ ಕೈಯಲ್ಲಿ ಒಂದು ತೆಳುವಾದ ಪುಸ್ತಕವೂ ಒಂದು ನೋಟುಪುಸ್ತಕವೂ ಇದ್ದವು.

ಪುಸ್ತಕ ಮೊಮ್ಮಗಳದು, ಬಂಗಾಳಿಯ 'ವರ್ಣಪರಿಚಯ'. ಈಶ್ವರಚಂದ್ರ ವಿದ್ಯಾಸಾಗರರು 1855ರಲ್ಲಿ ಪ್ರಕಟಿಸಿದ ಬಾಲಬೋಧೆ ಅದು. ಬಂಗಾಳದ ಎಷ್ಟೋ ತಲೆಮಾರುಗಳು ಅದರಿಂದಲೇ ಅಕ್ಷರ ಕಲಿತಿವೆ. ನೋಟುಪುಸ್ತಕ ಮೇಷ್ಟ್ರದು. ಎಡಕ್ಕೆ ಬಂಗಾಳಿ ಅಕ್ಷರ, ಬಲಕ್ಕೆ ಅವರ ದುಂಡಗಿನ ಕೈಬರಹದಲ್ಲಿ ಕನ್ನಡ. "ನೋಡಿ ಫಾದರ್, ರೂಪ ಮಾತ್ರ ಬೇರೆ, ಸಾಲು ನಮ್ಮದೇ. ಅ ಆ ಇ ಈ, ಕ ಖ ಗ ಘ ಙ. ಆದರೆ ಇವರ ಬಾಯಲ್ಲಿ ಅಕಾರ ಒಕಾರದ ಕಡೆಗೆ ವಾಲುತ್ತದೆ. ಜಲ ಎಂದು ಬರೆದು ಜೊಲ್ ಎನ್ನುತ್ತಾರೆ. ವಕಾರ ಬಕಾರ ಎರಡಕ್ಕೂ ಒಂದೇ ಅಕ್ಷರ. ಅದಕ್ಕೇ ನಮ್ಮ ರವೀಂದ್ರ ಇವರಿಗೆ ರೊಬೀಂದ್ರೊ" ಎಂದು ವಿವರಿಸತೊಡಗಿದರು. ಹದಿನೈದು ನಿಮಿಷ ನಿಲ್ಲಿಸದೆ ಮಾತನಾಡಿದರು. ಇಪ್ಪತ್ತೆಂಟು ವರ್ಷಗಳ ಹಿಂದಿನ ಜಗುಲಿಯ ಧ್ವನಿಯೇ ಅದು. ಇದನ್ನೆಲ್ಲ ಕಲಿತಿರುವುದು ಮಗನಿಗೆ ಗೊತ್ತೇ ಎಂದೆ. "ಅವನಿಗೆ ಸಮಯವೆಲ್ಲಿ? ಕೇಳಿದರೆ ಹೇಳುತ್ತಿದ್ದೆ" ಎಂದರು.

ಎಲ್ಲಿಗೆ ಹೋಗೋಣವೆಂದು ಕೇಳಿದಾಗ ಅವರು ಒಂದು ಕ್ಷಣವೂ ಯೋಚಿಸಲಿಲ್ಲ. "ಶ್ರೀರಾಮಪುರಕ್ಕೆ" ಎಂದರು.

ಇಂಗ್ಲಿಷರು ಸೆರಾಂಪುರ ಎಂದು ಕರೆದ ಶ್ರೀರಾಮಪುರ ಹೂಗ್ಲಿ ನದಿಯ ಪಶ್ಚಿಮ ದಂಡೆಯ ಪಟ್ಟಣ. 1845ರವರೆಗೆ ಅದು ಡೆನ್ಮಾರ್ಕಿನ ವಸಾಹತಾಗಿತ್ತು. ಬ್ಯಾಪ್ಟಿಸ್ಟ್ ಸಭೆಯ ವಿಲಿಯಂ ಕೇರಿ 1793ರಲ್ಲಿ ಬಂಗಾಳಕ್ಕೆ ಬಂದವರು. 1800ರಲ್ಲಿ ಇಲ್ಲಿ ನೆಲೆಸಿ, ಜೋಶುವಾ ಮಾರ್ಷ್‌ಮನ್ ಮತ್ತು ವಿಲಿಯಂ ವಾರ್ಡ್ ಅವರೊಡನೆ ಸೇರಿ ಮುದ್ರಣಾಲಯವನ್ನು ನಡೆಸಿದರು. ಇಂಗ್ಲೆಂಡಿನಲ್ಲಿ ಚಮ್ಮಾರ ವೃತ್ತಿಯಲ್ಲಿದ್ದ ಆ ಮನುಷ್ಯ ಇಲ್ಲಿ ಭಾರತದ ಹಲವು ಭಾಷೆಗಳಲ್ಲಿ ಬೈಬಲ್ ಅನುವಾದ, ವ್ಯಾಕರಣ, ನಿಘಂಟುಗಳ ಕೆಲಸ ಮಾಡಿದರು. ಕನ್ನಡ ನಾಡಿನಲ್ಲಿ ನೆಲೆಸಿದವರಲ್ಲದಿದ್ದರೂ ಕನ್ನಡ ವ್ಯಾಕರಣವೊಂದನ್ನು ಬರೆದರು. 1817ರಲ್ಲಿ ಅದು ಶ್ರೀರಾಮಪುರದಲ್ಲೇ ಅಚ್ಚಾಯಿತು. ಕನ್ನಡಕ್ಕೆ ಸಂಬಂಧಿಸಿದ ಆರಂಭ ಕಾಲದ ಮುದ್ರಿತ ಪುಸ್ತಕಗಳಲ್ಲಿ ಅದೂ ಒಂದು. ಮೂವತ್ತು ವರ್ಷ ಮಕ್ಕಳಿಗೆ ವ್ಯಾಕರಣ ಕಲಿಸಿದ ಮೇಷ್ಟ್ರಿಗೆ ಇದು ತಿಳಿದಿತ್ತು. ಆ ಊರು ಮನೆಯಿಂದ ಎರಡು ಗಂಟೆಯ ದಾರಿಯಲ್ಲಿದೆ ಎಂಬುದೂ ತಿಳಿದಿತ್ತು. ಹೋಗಬೇಕೆಂಬ ಆಸೆಯನ್ನು ಮಾತ್ರ ಯಾರೊಡನೆಯೂ ಹೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ನಾವಿಬ್ಬರೂ ಹೊರಟೆವು. ಮಗ ಕಾರಿನಲ್ಲಿ ಬಿಡುತ್ತೇನೆಂದ. "ಬೇಡ, ಫಾದರ್‌ಗೆ ಊರು ತೋರಿಸಬೇಕು" ಎಂದು ಮೇಷ್ಟ್ರು ತಡೆದರು. ಸೆಕ್ಟರ್ ಐದರಿಂದ ಸಿಯಾಲ್ದಾಕ್ಕೆ ಮೆಟ್ರೊ, ಅಲ್ಲಿಂದ ಬ್ಯಾರಕ್‌ಪುರಕ್ಕೆ ಲೋಕಲ್ ರೈಲು, ಬ್ಯಾರಕ್‌ಪುರದ ಘಾಟಿನಿಂದ ದೋಣಿಯಲ್ಲಿ ಆಚೆ ದಡ. ಹಿಂದಿನ ರಾತ್ರಿಯೇ ಅವರು ಇದನ್ನೆಲ್ಲ ನೋಟುಪುಸ್ತಕದಲ್ಲಿ ಗುರುತು ಮಾಡಿಕೊಂಡಿದ್ದರು. ಪ್ರತಿ ನಿಲ್ದಾಣದಲ್ಲಿಯೂ ನಾಮಫಲಕದ ಬಂಗಾಳಿ ಅಕ್ಷರಗಳನ್ನು ಬೆರಳಿನಿಂದ ಗಾಳಿಯಲ್ಲಿ ತಿದ್ದುತ್ತಾ ಓದುತ್ತಿದ್ದರು. ಎದುರಿಗೆ ಕುಳಿತ ಯುವಕನೊಬ್ಬ ನಕ್ಕು ಒಂದು ಉಚ್ಚಾರಣೆಯನ್ನು ತಿದ್ದಿದ. ಮೇಷ್ಟ್ರು ಶಾಲಾಬಾಲಕನಂತೆ ಅದನ್ನು ಎರಡು ಬಾರಿ ಹೇಳಿ ಒಪ್ಪಿಸಿದರು. ಘಾಟಿನ ಬಳಿ ಮಣ್ಣಿನ ಪುಟ್ಟ ಕುಡಿಕೆಯಲ್ಲಿ ಚಹಾ ಕುಡಿದೆವು. ಚಳಿಗಾಲದಲ್ಲಿ ಖರ್ಜೂರದ ಜಾತಿಯ ಮರದ ರಸದಿಂದ ತೆಗೆಯುವ ನೊಲೆನ್ ಗುಡ್ ಎಂಬ ಹೊಸ ಬೆಲ್ಲ ಹಾಕಿ ಮಾಡಿದ ಸಂದೇಶವನ್ನು ಅವರೇ ಕೊಂಡು, ದುಡ್ಡು ಕೊಡಲು ನನ್ನನ್ನು ಬಿಡದೆ, ನನ್ನ ಕೈಗಿತ್ತರು. "ನಮ್ಮ ಜೋನಿ ಬೆಲ್ಲದ ನೆನಪಾಗುತ್ತದೆ, ಅಲ್ಲವೇ?" ಎಂದರು. ಆಮೇಲೆ ಇಬ್ಬರೂ ಸುಮ್ಮನಾದೆವು. ಜೋನಿ ಬೆಲ್ಲ ಬಡಿಸುತ್ತಿದ್ದ ಕೈಗಳನ್ನು ಇಬ್ಬರೂ ನೆನೆದೆವು.

ದೋಣಿ ನಡುಹೊಳೆಗೆ ಬಂದಾಗ ಅವರು ನೀರನ್ನು ನೋಡುತ್ತಾ ಹೇಳಿದರು: "ಫಾದರ್, ಈ ಹದಿನೆಂಟು ತಿಂಗಳಲ್ಲಿ ನನ್ನನ್ನು ಯಾರೂ ಒಂದು ಪ್ರಶ್ನೆ ಕೇಳಿಲ್ಲ. ಊಟ ಆಯಿತೇ, ಮಾತ್ರೆ ತೆಗೆದುಕೊಂಡಿರಾ, ಇವೆರಡನ್ನು ಬಿಟ್ಟು. ಮಕ್ಕಳ ತಪ್ಪೇನೂ ಇಲ್ಲ. ಹೂವಿನಂತೆ ನೋಡಿಕೊಳ್ಳುತ್ತಾರೆ. ಆದರೆ ಹೂವಿಗೆ ಯಾರು ಏನು ಕೇಳುತ್ತಾರೆ?"

ಸ್ವಲ್ಪ ತಡೆದು ಮತ್ತೆ ಹೇಳಿದರು. ಊರಿನ ಮನೆಯನ್ನು ಮಾರುವ ಮಾತು ನಡೆದಿತ್ತು. ಮುಚ್ಚಿದ ಮನೆಗೆ ಗೆದ್ದಲು ಹಿಡಿಯುತ್ತಿದೆ, ನೋಡಿಕೊಳ್ಳುವವರಿಲ್ಲ ಎಂಬುದು ಮಗನ ಆತಂಕ. "ಮಾರಲಿ. ಮನೆ ನನಗೆ ದೊಡ್ಡದಲ್ಲ. ಆದರೆ ನವೆಂಬರ್ ಎರಡರಂದು ಇಡೀ ಊರು ಸಮಾಧಿಗಳ ಬಳಿ ದೀಪ ಹಚ್ಚುವಾಗ ಅವಳೊಬ್ಬಳ ಸಮಾಧಿ ಎರಡು ವರ್ಷ ಕತ್ತಲಲ್ಲಿತ್ತು. ಮನೆಯೂ ಹೋದರೆ ಊರಿಗೆ ಹೋಗಲು ನನಗೆ ನೆಪವೇ ಇರುವುದಿಲ್ಲ" ಎಂದರು. ಅವರ ಮೌನದ ಒಳಗಿದ್ದದ್ದು ಅದು. ಕಾಯಿಲೆಯೇನೂ ಇಲ್ಲವೆಂದು ವೈದ್ಯರು ಹೇಳಿದ್ದು ನಿಜವೇ.

"ಇದನ್ನು ನಾನು ನಿಮ್ಮ ಮಗನಿಗೆ ಹೇಳುವುದಿಲ್ಲ, ಮೇಷ್ಟ್ರೇ. ನೀವೇ ಹೇಳಬೇಕು" ಎಂದೆ. ಅವರು ತಲೆಯಾಡಿಸಿದರು. ದೋಣಿ ದಡಕ್ಕೆ ತಾಗಿತು.

ನದಿಯ ದಂಡೆಯಲ್ಲೇ ಶ್ರೀರಾಮಪುರ ಕಾಲೇಜಿನ ಎತ್ತರದ ಕಂಬಗಳ ಕಟ್ಟಡವಿದೆ. ಕೇರಿ ಮತ್ತು ಅವರ ಜೊತೆಗಾರರು 1818ರಲ್ಲಿ ಸ್ಥಾಪಿಸಿದ ಕಾಲೇಜು ಅದು. ಆ ಆವರಣದಲ್ಲಿ ನಿಂತು ಮೇಷ್ಟ್ರು ನನಗೆ 1812ರ ಕಥೆಯನ್ನು ಹೇಳಿದರು. ಆ ವರ್ಷದ ಮಾರ್ಚ್ ತಿಂಗಳಲ್ಲಿ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ಕಾಗದದ ರಾಶಿ, ಹಲವು ಭಾಷೆಗಳ ಅಚ್ಚಿನ ಮೊಳೆಗಳು, ವರ್ಷಗಟ್ಟಲೆ ಕುಳಿತು ಬರೆದ ಹಸ್ತಪ್ರತಿಗಳು ನಾಶವಾದವು. ಕೇರಿಗೆ ಆಗ ಐವತ್ತು ವರ್ಷ. ಕರಗಿದ ಲೋಹವನ್ನು ಬೂದಿಯಿಂದ ಹೆಕ್ಕಿ ಮತ್ತೆ ಮೊಳೆಗಳನ್ನು ಎರಕ ಹೊಯ್ದರು. ಕಳೆದುಹೋದ ಬರಹಗಳನ್ನು ಮತ್ತೆ ಬರೆಯಲು ಕುಳಿತರು. ಕನ್ನಡ ವ್ಯಾಕರಣ ಹೊರಬಂದದ್ದು ಆ ಬೆಂಕಿಯ ಐದು ವರ್ಷಗಳ ಅನಂತರ. 1834ರಲ್ಲಿ ತೀರಿಕೊಂಡ ಕೇರಿ ಅದೇ ಊರಿನ ಮಣ್ಣಿನಲ್ಲಿ ಮಲಗಿದ್ದಾರೆ. ಅವರ ಸಮಾಧಿಯ ಮುಂದೆ ನಿಂತು ಮೇಷ್ಟ್ರು, "ನಾನು ಈ ನಾಡಿಗೆ ಬಂದ ಮೊದಲ ಕನ್ನಡಿಗನಂತೆ ಅಳುತ್ತಾ ಕುಳಿತಿದ್ದೆ. ನಮ್ಮ ಅಆಇಈ ಇನ್ನೂರು ವರ್ಷ ಮೊದಲೇ ಇಲ್ಲಿಗೆ ಬಂದು ಕಾದಿದೆ" ಎಂದು ನಕ್ಕರು. ನಾನು ಆ ಊರಿಗೆ ಹೋದ ಮೇಲೆ ಅವರು ನಕ್ಕದ್ದನ್ನು ಕಂಡದ್ದು ಅಲ್ಲಿಯೇ ಮೊದಲು.

ಹಿಂದಿರುಗುವಾಗ ಶ್ರೀರಾಮಪುರದಿಂದ ಹೌರಾಕ್ಕೆ ರೈಲು, ಹೌರಾದಿಂದ ಎಸ್ಪ್ಲನೇಡಿಗೆ ಮೆಟ್ರೊ. 2024ರ ಮಾರ್ಚ್‌ನಲ್ಲಿ ಆರಂಭವಾದ ಈ ಮಾರ್ಗ ಹೂಗ್ಲಿಯ ತಳದ ಕೆಳಗೆ ಸುರಂಗದಲ್ಲಿ ಹೋಗುತ್ತದೆ. ಸುಮಾರು 520 ಮೀಟರ್ ಅಗಲದ ನದಿಯನ್ನು ರೈಲು ಮುಕ್ಕಾಲು ನಿಮಿಷದಲ್ಲಿ ದಾಟುತ್ತದೆ. ನದಿಯ ಕೆಳಗಿರುವಷ್ಟು ಹೊತ್ತು ಸುರಂಗದ ಗೋಡೆಗಳಲ್ಲಿ ನೀಲಿ ಬೆಳಕು. ಬೆಳಿಗ್ಗೆ ನೀರಿನ ಮೇಲೆ ಬಂದವರು ಸಂಜೆ ನೀರಿನ ಕೆಳಗೆ ಮರಳಿದೆವು.

ಅಂದು ರಾತ್ರಿ ಊಟದ ಮೇಜಿನ ಸುತ್ತ ಎಲ್ಲರೂ ಇದ್ದೆವು. ಮೊಮ್ಮಗಳು ಮೊದಲು ಕೇಳಿದಳು: "ಅಜ್ಜ, ಎಲ್ಲಿಗೆ ಹೋಗಿದ್ದಿರಿ?" ಮೇಷ್ಟ್ರು ಎಲ್ಲವನ್ನೂ ಹೇಳಿದರು. ರೈಲು, ದೋಣಿ, ಬೆಂಕಿ ಬಿದ್ದ ಅಚ್ಚುಕೂಟ. ಮಗ ಕೈಯಲ್ಲಿ ತುತ್ತು ಹಿಡಿದುಕೊಂಡೇ ಕೇಳಿಸಿಕೊಂಡ. ಆಮೇಲೆ ಮೇಷ್ಟ್ರು ನನ್ನನ್ನೊಮ್ಮೆ ನೋಡಿ, ಮಗನ ಕಡೆ ತಿರುಗಿ, ನವೆಂಬರಿನ ದೀಪದ ಮಾತನ್ನು ಆಡಿದರು. ಬಹಳ ಹೊತ್ತು ಯಾರೂ ಮಾತನಾಡಲಿಲ್ಲ. "ನೀವು ಒಮ್ಮೆಯೂ ಹೇಳಲಿಲ್ಲವಲ್ಲ, ಅಪ್ಪ" ಎಂದ ಮಗ. "ನೀನೂ ಕೇಳಲಿಲ್ಲ, ಮಗನೇ" ಎಂದರು ತಂದೆ. ಆ ಮಾತಿನಲ್ಲಿ ದೂರಿರಲಿಲ್ಲ. ಸೊಸೆ ಎದ್ದು ಅವರ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದಳು. ಮನೆ ಮಾರುವ ವಿಷಯ ಅಂದು ತೀರ್ಮಾನವಾಗಲಿಲ್ಲ. ತೀರ್ಮಾನವಾಗಬೇಕಾದ ಅವಸರವೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಬಂಗಾಳಿಯ ಬಲಿಪೂಜೆಗೆ ಹೋದೆವು. ನಾನು ಪೀಠದ ಬಳಿ ಇತರ ಗುರುಗಳೊಡನೆ ನಿಂತಿದ್ದೆ. ಅಲ್ಲಿಂದ ಮೇಷ್ಟ್ರು ಕಾಣುತ್ತಿದ್ದರು. ಸಭೆ ಬಂಗಾಳಿಯಲ್ಲಿ ಉತ್ತರಿಸಿದಾಗ ಅವರ ತುಟಿಗಳು ಕನ್ನಡದಲ್ಲಿ ಅಲುಗುತ್ತಿದ್ದವು. ಆಮೆನ್ ಬಂದಾಗ, ಅಲ್ಲೆಲೂಯಾ ಬಂದಾಗ ಮಾತ್ರ ಅವರ ಧ್ವನಿ ಎಲ್ಲರ ಧ್ವನಿಯೊಡನೆ ಸೇರಿ ಮೇಲೇರುತ್ತಿತ್ತು. ಮಧ್ಯಾಹ್ನ ಸಂತ ಮದರ್ ತೆರೇಸಾ ಅವರ ಸಮಾಧಿಯಿರುವ ಮಠಕ್ಕೆ ಹೋಗಿ ಪ್ರಾರ್ಥಿಸಿದೆವು. ಸ್ಕೋಪ್ಯೆ ಎಂಬ ದೂರದ ಊರಿನಲ್ಲಿ 1910ರಲ್ಲಿ ಹುಟ್ಟಿ, 1929ರ ಜನವರಿಯಲ್ಲಿ ಈ ನಗರಕ್ಕೆ ಬಂದಿಳಿದಾಗ ಆ ತಾಯಿಗೂ ಇದು ಹೊಸ ಊರೇ, ಬಂಗಾಳಿ ಹೊಸ ಭಾಷೆಯೇ. ಕೇರಿಗೂ ಹಾಗೆಯೇ. ಇಬ್ಬರಿಗೂ ಈ ನೆಲ ತಮ್ಮದಾದದ್ದು ಇಲ್ಲಿನವರಿಗೆ ತಮ್ಮಿಂದ ಏನೋ ಬೇಕಾಗಿದೆ ಎಂದು ಅವರು ಕಂಡುಕೊಂಡಾಗ.

ಮರಳುವ ರೈಲಿನಲ್ಲಿ ಶುಭಸಂದೇಶದ ಎರಡು ಭೇಟಿಗಳು ನನ್ನ ಮನಸ್ಸಿನಲ್ಲಿ ಸುಳಿದವು. ಲೂಕನ ಶುಭಸಂದೇಶದಲ್ಲಿ ಜಕ್ಕಾಯ ಮರವೇರಿ ಕುಳಿತಿದ್ದಾನೆ. ಊರಿಗೆ ಬೇಡವಾದವನು. ಯೇಸುಸ್ವಾಮಿ ಅವನಿಗೆ ಮೊದಲು ಬೋಧಿಸಲಿಲ್ಲ. ಅವನ ಮನೆಯಲ್ಲಿ ಇಳಿದುಕೊಳ್ಳಬೇಕಾಗಿದೆ ಎಂದರು. ಅತಿಥಿಯಾಗುವೆನೆಂದು ತಾವೇ ಕೇಳಿದರು. ಯೊವಾನ್ನನ ಶುಭಸಂದೇಶದಲ್ಲಿ ಸಮಾರಿಯದ ಮಹಿಳೆ ನಡುಮಧ್ಯಾಹ್ನ ಒಬ್ಬಳೇ ಬಾವಿಗೆ ಬರುತ್ತಾಳೆ. ಜೀವಜಲವನ್ನು ಕೊಡಬಲ್ಲವರು ಅವಳೊಡನೆ ಮಾತು ಆರಂಭಿಸಿದ್ದು ಕುಡಿಯಲು ನೀರು ಬೇಡುವ ಮೂಲಕ. ಕೊಡಬಲ್ಲವರು ಮೊದಲು ಬೇಡಿದರು. ಬೇಡಿಸಿಕೊಂಡಾಗ, ತನ್ನ ಬಳಿಯೂ ಕೊಡಲು ಏನೋ ಇದೆ ಎಂಬುದು ಅವಳಿಗೆ ತಿಳಿಯಿತು. ಆಮೇಲೆ ಅವಳು ಊರಿಗೆಲ್ಲ ಸುದ್ದಿ ಮುಟ್ಟಿಸಲು ಓಡಿದಳು. ಸೇವೆ ಎಂದರೆ ಕೊಡುವುದು ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಕೇಳುವುದೂ ಒಂದು ಸೇವೆ ಎಂಬುದನ್ನು ಈ ಎರಡು ಭೇಟಿಗಳು ಕಲಿಸುತ್ತವೆ.

ಇಂದು ಮೇಷ್ಟ್ರು ಅದೇ ಹನ್ನೊಂದನೆಯ ಮಹಡಿಯಲ್ಲಿದ್ದಾರೆ. ಸಂಜೆ ಮೊಮ್ಮಗಳು ಅವರಿಗೆ ಬಂಗಾಳಿ ಪಾಠ ಹೇಳುತ್ತಾಳೆ, ಅವರು ಅವಳಿಗೆ ಕನ್ನಡ ಕಾಗುಣಿತ ಕಲಿಸುತ್ತಾರೆ. ಮಗ ಈಗ ಕಚೇರಿಯಿಂದ ಕರೆ ಮಾಡಿದಾಗ, ಒಂದು ಪದಕ್ಕೆ ಸರಿಯಾದ ಕನ್ನಡ ಯಾವುದು, ಊರಿನ ಜಮೀನಿನ ಪತ್ರದಲ್ಲಿ ಇಂಥ ಸಾಲಿಗೆ ಏನರ್ಥ ಎಂದು ಕೇಳುತ್ತಾನಂತೆ. ಕೆಲವು ಪ್ರಶ್ನೆಗಳಿಗೆ ಉತ್ತರ ಅವನಿಗೇ ಗೊತ್ತಿರುತ್ತದೆಂದು ಮೇಷ್ಟ್ರಿಗೂ ಗೊತ್ತು. ಆದರೂ ಉತ್ತರಿಸುತ್ತಾರೆ. ಬೇಸರದ ದಿನಗಳು ಇಲ್ಲವೆಂದಲ್ಲ. ಪತ್ನಿಯನ್ನು ಕಳೆದುಕೊಂಡ ಮನೆ ಯಾವ ಊರಿನಲ್ಲಿದ್ದರೂ ಒಂದು ಮೂಲೆ ಖಾಲಿಯೇ. 2025ರ ನವೆಂಬರ್ 2ರಂದು ತಂದೆ, ಮಗ, ಮೊಮ್ಮಗಳು ಮೂವರೂ ಮಲೆನಾಡಿನ ಆ ಸಮಾಧಿಯ ಬಳಿ ದೀಪ ಹಚ್ಚಿದರು. ಮನೆಯ ಬೀಗ ನಾಲ್ಕು ದಿನ ತೆರೆದಿತ್ತು. ಅದು ಮಾರಾಟವಾಗುವುದೋ ಇಲ್ಲವೋ, ಇನ್ನೂ ನಿರ್ಧಾರವಾಗಿಲ್ಲ.

ಓದುಗರೇ, ನಿಮ್ಮ ಬೀದಿಯಿಂದಲೂ ಯಾರೋ ಒಬ್ಬರು ಹೀಗೆ ಹೊಸ ಊರಿಗೆ ಹೋಗಿರಬಹುದು. ಮಗಳ ಮನೆಗೋ ಮದುವೆಗೋ ಆ ನಗರಕ್ಕೆ ನೀವು ಹೋದಾಗ ಅರ್ಧ ದಿನ ಮಿಗಿಸಿಕೊಂಡು ಅವರನ್ನು ನೋಡಿಬನ್ನಿ. ಹಣ್ಣು ಹಂಪಲು ಒಯ್ಯಿರಿ, ಆದರೆ ಅಷ್ಟಕ್ಕೇ ನಿಲ್ಲಬೇಡಿ. ಒಂದು ದಾರಿ ಕೇಳಿ, ಒಂದು ಅಡುಗೆಯ ಬಗೆ ಕೇಳಿ, ಹಳೆಯ ಹಾಡಿನ ಮರೆತುಹೋದ ಸಾಲನ್ನು ಕೇಳಿ, "ನನಗೆ ಈ ಊರು ತೋರಿಸಿ" ಎಂದು ಕೇಳಿ. ನಿಮ್ಮ ಮನೆಯಲ್ಲೇ ಅಂಥ ಹಿರಿಯರು ಬಂದು ನೆಲೆಸಿದ್ದರೆ, ಇಂದು ರಾತ್ರಿ ಊಟಕ್ಕೆ ಕುಳಿತಾಗ, ಊಟ ಮಾತ್ರೆಗಳ ವಿಷಯ ಮುಗಿದ ಮೇಲೆ ಅವರಿಂದ ಮಾತ್ರ ಉತ್ತರ ದೊರೆಯಬಹುದಾದ ಒಂದು ಪ್ರಶ್ನೆಯನ್ನು ಕೇಳಿರಿ. ಅವರು ಉತ್ತರ ಹೇಳಿ ಮುಗಿಸುವವರೆಗೂ ಮೇಜಿನಿಂದ ಏಳಬೇಡಿ.